ಹಾಗಲಕಾಯಿ ಬಿಡಲು ಕಾಶಿಗೆ ಹೋದೆ

ಮಕ್ಕಳಿಗೆ ದಸರಾ ರಜೆ ಬಂತೆಂದರೆ ಮರ್ಯಾದಸ್ಥ ಸಂಸಾರಗಳೆಲ್ಲ ಮೈಸೂರಿಗೆ ಹೋಗುತ್ತವೆ. ಸ್ವಲ್ಪ ಕಾಸಿದ್ದವರು ಊಟಿಗೆ ಹೋಗುತ್ತಾರೆ, ಅದೂ ಆಗದವರು ಮಾವನ ಮನೆಗೆ ಹೋಗಿ ಹೊಟ್ಟೆ ಬೆಳೆಸಿಕೊಂಡು ಬರುತ್ತಾರೆ. ನನ್ನ ಧರ್ಮಪತ್ನಿ ವಿನೋದಾ ಮಾತ್ರ ಎಂಟು ವರ್ಷದ ಅಮೃತಾ, ನಾಲ್ಕು ವರ್ಷದ ಗ್ರೀಷ್ಮಾ ಎಂಬ ಎರಡು ಚಂಡಮಾರುತಗಳನ್ನು ಕಟ್ಟಿಕೊಂಡು ಕಾಶಿಗೆ ಹೋಗೋಣ ಎಂದಳು.

"ಕಾಶಿಗೆ ಹೋಗೋ ವಯಸ್ಸೇನೇ ನಮ್ಮದು?" ಎಂದು ಗುಡುಗಿದೆ. (ನನಗೆ ನಲವತ್ತೊಂದು. ಅವಳದನ್ನು ಬರೆದರೆ ಈ ಬರಹ ಇಲ್ಲಿಗೇ ಮುಗಿಯುತ್ತದೆ.)

"ಮಂಡಿ ಗಟ್ಟಿ ಇರುವಾಗ್ಲೇ ಹೋಗ್ಬೇಕು ಕಣ್ರೀ. ನಮ್ಮ ಚಿಕ್ಕಮ್ಮ ಎಪ್ಪತ್ತಾದ್ಮೇಲೆ ಹೋಗಿ, ಘಾಟಿನ ಮೆಟ್ಟಿಲು ಇಳಿದೋರು ಹತ್ತಕ್ಕಾಗ್ದೆ ಅಲ್ಲೇ ಕೂತ್ಬಿಟ್ಟಿದ್ರು. ಕೊನೆಗೆ ಇಬ್ರು ಎತ್ಕೊಂಡು ಬಂದ್ರು."

"ಮಕ್ಕಳಿಗೆ ಅಲ್ಲಿ ನೋಡೋಕೆ ಏನಿದೆ? ಹೆಣ ಸುಡೋದು ತೋರಿಸ್ತೀಯಾ?"

"ಗಂಗೆ ಇದೆ. ದೋಣಿ ಇದೆ. ನೀವು ಬರ್ದಿದ್ರೆ ಬೇಡ ಬಿಡಿ, ನಾವು ಮೂರು ಜನ ಹೋಗ್ತೀವಿ."

ನಾನಿಲ್ಲದೆ ಇವರು ಹೋಗುವುದೆಂದರೇನು! ನಮ್ಮ ಮನೆಯಲ್ಲಿ ಹಿಂದಿ ಬಲ್ಲ ಏಕೈಕ ಜೀವಿ ನಾನು. ಹೈಸ್ಕೂಲಿನಲ್ಲಿದ್ದಾಗ ಎರಡು ಹಿಂದಿ ಪರೀಕ್ಷೆಗಳನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿ ಪಡೆದ ಪ್ರಮಾಣಪತ್ರಗಳು ತುಮಕೂರಿನ ನಮ್ಮ ಮನೆಯ ನಡುಮನೆಯಲ್ಲಿ ಕಟ್ಟು ಹಾಕಿಸಿಕೊಂಡು ಇಂದಿಗೂ ರಾರಾಜಿಸುತ್ತಿವೆ. ನಾನು ಕೆಲಸ ಮಾಡುವ ಸಹಕಾರಿ ಬ್ಯಾಂಕಿಗೆ ಉತ್ತರದವರು ಯಾರಾದರೂ ಬಂದರೆ ಮ್ಯಾನೇಜರು ನನ್ನನ್ನೇ ಕರೆಯುವುದು. (ಹನ್ನೊಂದು ವರ್ಷದಲ್ಲಿ ಇಬ್ಬರು ಬಂದಿದ್ದಾರೆ. ಒಬ್ಬ ವಿಳಾಸ ಕೇಳಲು ಬಂದಿದ್ದ.) ಇಂಥ ಭಾಷಾ ಪಂಡಿತನನ್ನು ಮನೆಯಲ್ಲಿ ಬಿಟ್ಟು, 'ಪಾನಿ' ಎನ್ನಲು ಕೈಯನ್ನು ಬಾಯಿಗೆ ಹಿಡಿದು ತೋರಿಸುವ ಹೆಂಗಸು ಎರಡು ಮಕ್ಕಳೊಡನೆ ಕಾಶಿ ಮುಟ್ಟುವುದುಂಟೆ? ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಸಾಮಾನು ಕಟ್ಟುವ ಕೆಲಸ. ವಿನೋದಾ ಚಕ್ಕುಲಿ, ಚಟ್ನಿಪುಡಿ, ಜ್ವರದ ಔಷಧಿ, ಗ್ರೀಷ್ಮಾಳ ಹದಿನಾಲ್ಕು ಚಡ್ಡಿಗಳು ಎಂದು ಅಡ್ಡಾದಿಡ್ಡಿ ಸಾಮಾನು ತುಂಬಿದಳು. ನನ್ನದು ಅಚ್ಚುಕಟ್ಟು: ಒಂದು ಫಿಲ್ಟರು, ಎರಡು ಪೊಟ್ಟಣ ಕಾಫಿಪುಡಿ, ನನ್ನ ಲೋಟ, ಬಟ್ಟಲು. ಬಟ್ಟೆ ಉಳಿದ ಜಾಗದಲ್ಲಿ ಹಿಡಿಸಿದಷ್ಟು. ಎದ್ದ ಕೂಡಲೇ ಒಂದು, ಸ್ನಾನಕ್ಕೆ ಮುಂಚೆ ಒಂದು, ತಿಂಡಿಯ ಮೇಲೊಂದು, ಮಧ್ಯಾಹ್ನ ಎರಡು, ಸಂಜೆ ಒಂದು ಕಾಫಿ ಬಿದ್ದರೆ ಮಾತ್ರ ನಾನು ಮನುಷ್ಯರ ಲೆಕ್ಕಕ್ಕೆ ಬರುತ್ತೇನೆ. ಒಂದು ಹೊತ್ತು ತಪ್ಪಿದರೂ ಹಣೆಯ ಎರಡೂ ಕಡೆ ಯಾರೋ ಕಲ್ಲು ಒಡೆಯತೊಡಗುತ್ತಾರೆ. ಇದನ್ನು ನಾನು ಹೆಂಡತಿಗೆ ಮದುವೆಯ ಮುಂಚೆಯೇ ತಿಳಿಸಿದ್ದೆ. ಅವಳು ತನ್ನ ಕಡೆಯಿಂದ ಏನನ್ನೂ ತಿಳಿಸಿರಲಿಲ್ಲ.

ರೈಲಿನಲ್ಲಿ ಎರಡನೆಯ ದಿನ, ಗ್ರೀಷ್ಮಾ ಮೇಲಿನ ಬರ್ತಿನಿಂದ ಕೆಳಗಿನ ಪ್ರಯಾಣಿಕರ ಮೇಲೆ ಚಕ್ಕುಲಿಯ ಪುಷ್ಪವೃಷ್ಟಿ ಮಾಡುತ್ತಿದ್ದಾಗ ವಿನೋದಾ ಮೆಲ್ಲಗೆ ವಿಷಯ ಎತ್ತಿದಳು.

"ಕಾಶಿಯಲ್ಲಿ ಏನಾದ್ರೂ ಬಿಟ್ಟು ಬರ್ಬೇಕು, ಗೊತ್ತಲ್ಲ? ಗಂಗೆ ಹತ್ರ ಸಂಕಲ್ಪ ಮಾಡಿ, ನಮಗೆ ಇಷ್ಟವಾದ ಒಂದು ತಿನ್ನೋ ಪದಾರ್ಥನ ಬಿಟ್ಬಿಡೋದು. ಆಮೇಲೆ ಜನ್ಮದಲ್ಲಿ ಅದನ್ನ ಮುಟ್ಟಬಾರ್ದು. ನಾನು ಹಲಸಿನ ಹಣ್ಣು ಬಿಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಹಲಸಿನ ಕಾಲದಲ್ಲಿ ಇವಳು ಕೈಗೆ ಎಣ್ಣೆ ಸವರಿಕೊಂಡು ಕೂತರೆ ಬೀಜ ಮಾತ್ರ ಉಳಿಯುತ್ತದೆ. ಅಂಥ ಹಣ್ಣನ್ನು ತಾನಾಗಿ ಬಿಡುತ್ತಾಳಂತೆ! ಹೆಂಗಸರಿಗೆ ವ್ಯವಹಾರ ಜ್ಞಾನ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

"ಪೆದ್ದಿ," ಎಂದೆ. "ನಾನು ಹಾಗಲಕಾಯಿ ಬಿಡ್ತೀನಿ."

"ನೀವು ಅದನ್ನ ತಿನ್ನೋದೇ ಇಲ್ಲವಲ್ರೀ!"

"ಅದಕ್ಕೇ ಬಿಡೋದು. ಇನ್ನು ಮೇಲೆ ನೀನು ಗೊಜ್ಜು ಮಾಡಿ 'ಒಂದು ಚಮಚ, ಒಂದೇ ಒಂದು ಚಮಚ' ಅಂತ ಬೆನ್ನು ಹತ್ತೋ ಹಾಗಿಲ್ಲ. ಗಂಗಮ್ಮನ ಆಣೆ ಆಗಿರತ್ತೆ."

"ಇಷ್ಟವಾದದ್ದನ್ನ ಬಿಟ್ರೆ ತಾನೆ ತ್ಯಾಗ?"

"ಅದು ಹಿಂದಿ ಬರದವರ ಕಾನೂನು," ಎಂದು ಬಾಯಿ ಮುಚ್ಚಿಸಿದೆ. ಹಿಂದಿಗೂ ಅದಕ್ಕೂ ಏನು ಸಂಬಂಧವೆಂದು ನನಗೂ ಗೊತ್ತಿರಲಿಲ್ಲ, ಆದರೆ ಆ ಮಾತು ನಮ್ಮ ಮನೆಯಲ್ಲಿ ಯಾವಾಗಲೂ ಕೆಲಸ ಮಾಡುತ್ತದೆ.

ಕಾಶಿ ನಿಲ್ದಾಣದಲ್ಲಿ ಇಳಿದೆವು. ಇಳಿದೆವು ಎನ್ನುವುದು ಸೌಜನ್ಯದ ಮಾತು, ನಮ್ಮನ್ನು ಹೊರಕ್ಕೆ ತಳ್ಳಲಾಯಿತು. ಹೊರಗೆ ಆಟೋದವರ ದಂಡು. ನಾನು ಕಾಲರು ಸರಿಮಾಡಿಕೊಂಡು ಒಬ್ಬನ ಬಳಿ ಹೋಗಿ, "ಮಹೋದಯ, ಕ್ಯಾ ಆಪ್ ಹಮೇ ಅಸ್ಸೀ ತಕ್ ಪಹುಂಚಾನೇ ಕಾ ಕಷ್ಟ ಕರೇಂಗೇ?" ಎಂದೆ. ನಮ್ಮನ್ನು ಅಸ್ಸಿ ಘಾಟಿಗೆ ಮುಟ್ಟಿಸುವ ಕಷ್ಟ ತೆಗೆದುಕೊಳ್ಳುವಿರಾ ಎಂದು ಅರ್ಥ, ಪಠ್ಯಪುಸ್ತಕದ ಹಿಂದಿ. ಒಂದು ವ್ಯಾಕರಣ ದೋಷ ಇಲ್ಲ. ಅವನು ಬಾಯಲ್ಲಿದ್ದ ಪಾನನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ವರ್ಗಾಯಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕಹಾಂ ಜಾಯೇ ಕೇ ಹೌ?" ಎಂದ. (ಎಲ್ಲಿಗೆ ಹೋಗಬೇಕು ಎಂದು ಅಲ್ಲಿಯ ಆಡುಮಾತಿನಲ್ಲಿ ಕೇಳಿದ್ದನೆಂದು ಆಮೇಲೆ ತಿಳಿಯಿತು.)

"ಇವನಿಗೆ ಹಿಂದಿ ಬರಲ್ಲ," ಎಂದು ನಾನು ವಿನೋದಾಳಿಗೆ ವರದಿ ಮಾಡುವಷ್ಟರಲ್ಲಿ ಅವಳು, "ಭಯ್ಯಾ, ಅಸ್ಸಿ. ಚಾರ್ ಜನ. ಚಲೋ," ಎಂದು ಮಕ್ಕಳನ್ನು ಒಳಗೆ ತುರುಕಿ ತಾನೂ ಕೂತಾಗಿತ್ತು. ಆಟೋ ಹೊರಟೇಬಿಟ್ಟಿತು, ನಾನು ಓಡುತ್ತಾ ಹತ್ತಿಕೊಂಡೆ.

"ಅದು ಹಿಂದಿ ಅಲ್ಲ ಕಣೇ. 'ಜನ' ಅಂದ್ರೆ ಏನು? ಅವನು ಏನು ತಿಳ್ಕೊಂಡಿರ್ತಾನೆ?"

"ನಾಲ್ಕು ಜನ ಅಂತ ತಿಳ್ಕೊಂಡ. ನಾಲ್ಕು ಜನ ಇದ್ದೀವಿ."

ಅಸ್ಸಿಯ ಅತಿಥಿಗೃಹದಲ್ಲಿ ನಮಗೆ ಸಿಕ್ಕ ಕೋಣೆಯ ಕಿಟಕಿ ತೆರೆದರೆ ಗಂಗೆ ಕಾಣುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ತೆರೆದೆವು. ಒಂದು ಕೋತಿ ಕಂಡಿತು. ಅದು ಒಳಗೆ ಬಂದು ಚಟ್ನಿಪುಡಿಯ ಡಬ್ಬಿ ತೆಗೆದುಕೊಂಡು ಹೋದ ಮೇಲೆ, ಅದರ ಹಿಂದೆ ಬಹಳ ದೂರದಲ್ಲಿ ಗಂಗೆಯೂ ಕಂಡಿತು. ಬೀದಿಗಿಳಿದರೆ ಹೆಜ್ಜೆಗೊಂದು ಚಹದಂಗಡಿ. ವಿದ್ಯಾರ್ಥಿಗಳು, ಪ್ರೊಫೆಸರುಗಳು, ಸನ್ಯಾಸಿಗಳು ಎಲ್ಲರೂ ಮಣ್ಣಿನ ಕುಡಿಕೆಯಲ್ಲಿ ಗೋಡೆಗೆ ಬಳಿಯುವ ಕೆಮ್ಮಣ್ಣಿನಂಥ ದ್ರವವನ್ನು ಹೀರುತ್ತ ದೇಶದ ಭವಿಷ್ಯ ತೀರ್ಮಾನ ಮಾಡುತ್ತಿದ್ದರು. ಚಹ ಕುಡಿಯುವವರಿಂದ ದೇಶಕ್ಕೆ ಏನಾದೀತು ಎಂದು ನಾನು ಕನಿಕರಪಟ್ಟೆ. ಕುಡಿದ ಮೇಲೆ ಕುಡಿಕೆಯನ್ನು ಎಸೆದು ಒಡೆಯಬಹುದೆಂದು ಗೊತ್ತಾದದ್ದೇ ತಡ, ಗ್ರೀಷ್ಮಾ ಒಂದು ಗಂಟೆಯಲ್ಲಿ ನಾಲ್ಕು ಕುಡಿಕೆ ಹಾಲು ಕುಡಿದಳು. ಕೋಣೆಗೆ ಬಂದು ನನ್ನ ಸ್ಟೀಲಿನ ಲೋಟವನ್ನೂ ಅದೇ ಶಾಸ್ತ್ರದ ಪ್ರಕಾರ ಎಸೆದಳು. ಲೋಟ ಸೊಟ್ಟಗಾಯಿತು. ಸೊಟ್ಟ ಲೋಟದಲ್ಲೇ ನಾನು ಅಲ್ಲಿಯ ಗಟ್ಟಿ ಎಮ್ಮೆ ಹಾಲು ಹಾಕಿ ಕಾಫಿ ಬೆರೆಸಿ ಕುಡಿದೆ. ಆ ಕಾಫಿಯ ಬಗ್ಗೆ ಹೇಳಲು ಹೊರಟರೆ ಈಗ ಕಣ್ಣಲ್ಲಿ ನೀರು ಬರುತ್ತದೆ. ಕಾಶಿಯಲ್ಲಿ ನಾನು ಮನಸಾರೆ ಮೆಚ್ಚಿದ್ದು ಅಲ್ಲಿಯ ಎಮ್ಮೆಗಳನ್ನು ಮಾತ್ರ.

ಮಾರನೆಯ ದಿನ ವಿಶ್ವನಾಥ ಗಲ್ಲಿ. ಎದುರಿಗೆ ಹೋರಿ ಬಂದರೆ ಮನುಷ್ಯ ಗೋಡೆಯಾಗಬೇಕು, ಅಷ್ಟು ಅಗಲದ ಓಣಿ. ಅಂಗಡಿಯವನೊಬ್ಬ ನಮ್ಮ ಮುಖ ನೋಡಿದವನೇ, "ಬನ್ನಿ ಅಣ್ಣ, ಬನ್ನಿ ಅಕ್ಕ, ಕುಂಕುಮ ತಗೊಳ್ಳಿ," ಎಂದು ಕನ್ನಡದಲ್ಲಿ ಕರೆದ. ವಿನೋದಾ ಕರಗಿಹೋದಳು. ನಾನು ಅವಳನ್ನು ಪಕ್ಕಕ್ಕೆಳೆದು ಎಚ್ಚರಿಸಿದೆ: "ನೋಡು, ಈ ಊರಲ್ಲಿ ಕನ್ನಡ ಮಾತಾಡಿದ್ರೆ ದಕ್ಷಿಣದ ಕುರಿ ಅಂತ ತಿಳಿದು ಬೋಳಿಸ್ತಾರೆ. ನಾನು ಇಲ್ಲಿ ಹಿಂದಿ ಬಿಟ್ಟು ಬೇರೆ ಭಾಷೆ ಆಡೋದಿಲ್ಲ. ನಿನಗೆ ಒಂದಕ್ಷರ ಬರಲ್ಲ, ಆದ್ದರಿಂದ ನೀನು ಸುಮ್ಮನೆ ಬಾಯಿ ಮುಚ್ಕೊಂಡಿರು."

"ಆಯ್ತು," ಎಂದಳು. ಅವಳು ಇಷ್ಟು ಬೇಗ ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ ಕೇದಾರ ಘಾಟಿನಲ್ಲಿ ಸಂಕಲ್ಪ. ಪುರೋಹಿತರನ್ನು ವಿನೋದಾಳ ಚಿಕ್ಕಮ್ಮನೇ ಗೊತ್ತು ಮಾಡಿದ್ದರು. ಹೆಸರು ಶೇಷಗಿರಿ ಆಚಾರ್ಯರು. ಅವರ ಮುತ್ತಜ್ಜ ರಾಯಚೂರಿನ ಕಡೆಯಿಂದ ಬಂದು ಕಾಶಿಯ ಶಿವಾಲ ಎಂಬ ಕೇರಿಯಲ್ಲಿ ನೆಲೆಸಿದವರಂತೆ. ನಾಲ್ಕು ತಲೆಮಾರಿನಿಂದ ನಮ್ಮ ಕಡೆಯ ಯಾತ್ರಿಕರಿಗೆ ಕರ್ಮ ಮಾಡಿಸುವ ಮನೆತನ. ಎಪ್ಪತ್ತರ ಹತ್ತಿರದ ಆಸಾಮಿ, ತೆಳ್ಳಗೆ, ಕಣ್ಣು ಬಲು ಚುರುಕು.

"ಬರ್ರಿ ಬರ್ರಿ, ಪದ್ಮನಾಭರು ಅಂದ್ರ ನೀವೇನ್ರಿ? ಕೂಡ್ರಿ. ಪ್ರವಾಸ ಛಂದ ಆತಿಲ್ಲೋ?" ಎಂದರು.

"ಜೀ ಪಂಡಿತ್‌ಜೀ, ಯಾತ್ರಾ ಸುಖದ್ ರಹೀ," ಎಂದೆ ನಾನು.

ಆಚಾರ್ಯರು ಒಂದು ಕ್ಷಣ ನನ್ನನ್ನು ನೋಡಿದರು. "ಕನ್ನಡದಾಗ ಮಾತಾಡ್ರಿ ಸಾಹೇಬ್ರ. ನಮ್ಮ ಮನಿ ಮಕ್ಕಳು ಹೆಂಗೂ ಹಿಂದೀನೇ ಮಾತಾಡ್ತಾವ. ಕನ್ನಡ ಕಿವಿಗೆ ಬೀಳಲಿ ಅಂತ ನಿಮ್ಮಂಥವರ ದಾರಿ ಕಾಯ್ತಿರತೀನಿ."

"ಕೋಯೀ ಬಾತ್ ನಹೀ," ಎಂದೆ. ಕರಗುವ ಗಿರಾಕಿ ನಾನಲ್ಲವೆಂದು ಮೊದಲೇ ತಿಳಿಸಿಬಿಡಬೇಕು. ವಿನೋದಾ ಹೊಳೆಯ ಕಡೆ ಮುಖ ತಿರುಗಿಸಿಕೊಂಡಳು.

ನಮ್ಮ ಜೊತೆ ಸಾಲಿನಲ್ಲಿ ರಾಯಚೂರಿನ ವಸುಮತಿಬಾಯಿ ಎಂಬ ವೃದ್ಧೆಯೂ ಕೂತಿದ್ದರು. ಅವರ ಕಡೆಯವರು ಹತ್ತು ಹನ್ನೆರಡು ಮಂದಿ ಹಿಂದಿನ ಮೆಟ್ಟಿಲ ಮೇಲಿದ್ದರು. ಆಚಾರ್ಯರು ಮೊದಲು ಆಕೆಯನ್ನು, "ಏನು ಬಿಡ್ತೀರಿ ಬಾಯಾರ?" ಎಂದು ಕೇಳಿದರು.

"ಎಲಿ ಅಡಿಕಿ ಬಿಡ್ತೀನ್ರಿ. ಐವತ್ತು ವರ್ಷ ಆತು, ಊಟ ಬಿಟ್ಟರೂ ಅದನ್ನ ಬಿಟ್ಟಾಕಿ ಅಲ್ಲ," ಎಂದು ಮುದುಕಿ ಸೊಂಟದ ಸಂಚಿಯನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟರು. ಹಿಂದಿದ್ದವರೆಲ್ಲ ಕೈಮುಗಿದರು. ವಿನೋದಾ ಹಲಸಿನ ಹಣ್ಣನ್ನು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋಡಿ ನೋಡಿ ಅಮೃತಾಳಿಗೂ ಉತ್ಸಾಹ ಬಂದು, "ನಾನು ಹೋಮ್‌ವರ್ಕ್ ಬಿಡ್ತೀನಿ," ಎಂದಳು. ಗ್ರೀಷ್ಮಾ, "ನಾನು ಅಕ್ಕನ್ನ ಬಿಡ್ತೀನಿ," ಎಂದಳು. ಮಕ್ಕಳಿಗೆ ಇದೆಲ್ಲ ಇಲ್ಲವೆಂದು ಆಚಾರ್ಯರು ನಕ್ಕು, ನನ್ನ ಅಂಗೈಗೆ ಉದ್ಧರಣೆಯಿಂದ ನೀರು ಹಾಕಿದರು.

"ಹೇಳ್ರಿ ಸಾಹೇಬ್ರ. ನೀವು ಏನು ಬಿಡ್ತೀರಿ?"

"ಕರೇಲಾ," ಎಂದೆ, ಗಂಭೀರವಾಗಿ.

"ಹಾಗಲಕಾಯೇನು? ಭಾಳ ಪ್ರೀತಿ ಏನ್ರಿ ನಿಮಗ ಅದು?"

"ಬಹುತ್."

"ಅಪ್ಪ ಹಾಗಲಕಾಯಿ ತಿನ್ನಲ್ಲ," ಎಂದು ಗ್ರೀಷ್ಮಾ ಘಾಟಿಗೆಲ್ಲ ಕೇಳುವಂತೆ ಸಾರಿದಳು. "ಥೂ ಅಂತ ಉಗಿದ್ಬಿಡ್ತಾರೆ."

ಹಿಂದಿನ ಮೆಟ್ಟಿಲಿನಿಂದ ನಗು ಕೇಳಿಸಿತು. ಆಚಾರ್ಯರು ಮಾತ್ರ ನಗಲಿಲ್ಲ. "ಇರಲಿ, ಅದನ್ನೂ ಬಿಡ್ರಿ. ಅದರ ಜೋಡಿ ಪ್ರೀತಿದು ಒಂದು ಏನರೆ ಬಿಡ್ರಿ. ಮತ್ತೇನು ಬಿಡ್ತೀರಿ?"

ನನಗೆ ರೇಗಿತು. ಒಂದು ತರಕಾರಿಯನ್ನು ಜೀವನಪರ್ಯಂತ ಬಿಟ್ಟಿದ್ದೇನೆ, ಈ ಮನುಷ್ಯನಿಗೆ ಅಷ್ಟು ಸಾಲದೆ? ಸಾಕು ಎಂದು ಖಡಾಖಂಡಿತವಾಗಿ ಹೇಳಿಬಿಡಬೇಕು ಎಂದುಕೊಂಡೆ. 'ಬಸ್' ಎನ್ನಬಹುದಿತ್ತು. ಆದರೆ 'ಬಸ್' ಎಂದು ಆಟೋದವನೂ ಅನ್ನುತ್ತಾನೆ, ಪ್ರಥಮ ದರ್ಜೆಯಲ್ಲಿ ಪಾಸಾದವನು ಅನ್ನುವ ಮಾತಲ್ಲ ಅದು. ಸಾಕು, ಬೇಕಾದಷ್ಟಾಯಿತು ಎನ್ನುವುದಕ್ಕೆ ಸುಶಿಕ್ಷಿತರ ಹಿಂದಿಯಲ್ಲಿ ಇನ್ನೊಂದು ಘನವಾದ ಪದವಿದೆ. ಅದನ್ನೇ ಆರಿಸಿಕೊಂಡು, ಎದೆಯುಬ್ಬಿಸಿ, ಗಂಗೆಯ ಆಚೆ ದಡಕ್ಕೂ ಕೇಳುವಂತೆ ನುಡಿದೆ:

"ಕಾಫೀ!"

ಆಚಾರ್ಯರ ಹುಬ್ಬು ಮೇಲಕ್ಕೆ ಹೋಯಿತು. "ಕಾಫಿ?"

"ಜೀ ಹಾಂ. ಕಾಫೀ."

"ಪೂರಾ?"

"ಪೂರಾ ಕಾಫೀ!"

"ಅವಸರ ಮಾಡಬ್ಯಾಡ್ರಿ. ಮನಿಯವರನ್ನ ಒಂದು ಮಾತು ಕೇಳಿ, ವಿಚಾರ ಮಾಡಿ ಹೇಳ್ರಿ."

"ಸೋಚನಾ ಕ್ಯಾ ಹೈ? ಕಾಫೀ ಮತ್‌ಲಬ್ ಕಾಫೀ!" ಎಂದು ತೊಡೆ ತಟ್ಟುವುದೊಂದು ಬಿಟ್ಟು ಉಳಿದೆಲ್ಲ ಮಾಡಿದೆ.

ಹಿಂದೆ ನಗು ನಿಂತಿತು. ಯಾರೋ 'ಅಬ್ಬಾ' ಎಂದರು. ವಸುಮತಿಬಾಯಿ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿ, "ಎಂಥಾ ದೊಡ್ಡ ಮನಸ್ಸಪ್ಪಾ ನಿಂದು! ನಾ ಎಲಿ ಅಡಿಕಿ ಬಿಟ್ಟೇನಂತ ಜಂಬ ಮಾಡಿಕೊಂಡು ಕೂತಿದ್ದೆ. ಈ ವಯಸ್ಸಿನಾಗ ಕಾಫಿ ಬಿಟ್ಟೆಲ್ಲೋ ತಂದೆ!" ಎಂದರು. ಹೊಗಳಿಕೆ ಯಾರಿಗೆ ಬೇಡ? ನಾನು ವಿನಯದಿಂದ ತಲೆಬಾಗಿಸಿದೆ. ಬಾಗಿಸಿದ ತಲೆಯೊಳಗೆ ಆ ಮಾತು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಕೂಡಲೇ ನನ್ನ ಬಾಯಿಂದ ಕಾಶಿಗೆ ಬಂದ ಮೇಲೆ ಪರರೆದುರು ಮೊದಲ ಸಲ ಅಪ್ಪಟ ಕನ್ನಡ ಹೊರಟಿತು.

"ಅಯ್ಯೋ! ಅಲ್ಲ! ಕಾಫಿ ಅಂದ್ರೆ ಕಾಫಿ ಅಲ್ಲ ಸ್ವಾಮೀ!"

"ಮತ್ತ?"

"ಕಾಫೀ ಅಂದ್ರೆ ಸಾಕು ಅಂತ! ಹಿಂದಿಯಲ್ಲಿ ಸಾಕು ಅನ್ನೋದಕ್ಕೆ ಕಾಫೀ ಅಂತಾರೆ. ಇದೇ ಊರಲ್ಲಿ ಹುಟ್ಟಿದೋರು, ನಿಮಗೆ ಗೊತ್ತಿಲ್ವಾ?"

"ನನಗ ಗೊತ್ತದ," ಎಂದರು ಆಚಾರ್ಯರು ಶಾಂತವಾಗಿ. "ಆದರ ನಾ ಕೇಳಿದ್ದು ಕನ್ನಡದಾಗ. ಏನು ಬಿಡ್ತೀರಿ ಅಂದೆ, ಕಾಫಿ ಅಂದ್ರಿ. ಪೂರಾ ಏನು ಅಂದೆ, ಪೂರಾ ಅಂದ್ರಿ. ವಿಚಾರ ಮಾಡ್ರಿ ಅಂದೆ, ವಿಚಾರ ಮಾಡೋದೇನದ ಅಂದ್ರಿ. ಗಂಗಾಮಾತೆ ಮುಂದ ಮೂರು ಸಲ ಅಂದೀರಿ."

ನನ್ನ ಅಂಗೈಯಲ್ಲಿ ಸಂಕಲ್ಪದ ನೀರು ಇನ್ನೂ ಇತ್ತು. ಅದು ಕೆಳಗೆ ಬೀಳುವವರೆಗೆ ಸಂಕಲ್ಪ ಪೂರ್ತಿಯಾಗುವುದಿಲ್ಲವಷ್ಟೆ. ನಾನು ಬೆರಳುಗಳನ್ನು ಒಂದಕ್ಕೊಂದು ಅಂಟಿಸಿ, ಒಂದು ಹನಿಯೂ ಜಾರದಂತೆ, ಎಳೆಕೂಸನ್ನು ಹಿಡಿದ ಹಾಗೆ ಆ ನೀರನ್ನು ಹಿಡಿದುಕೊಂಡೆ. ನನ್ನ ಮುಂದಿನ ನಲವತ್ತು ವರ್ಷದ ಬೆಳಗುಗಳು ಆ ಅಂಗೈಯ ಗುಂಡಿಯಲ್ಲಿ ನಿಂತಿದ್ದವು. ಹೆದರಿದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ಬಿಡಿಸಿ ಸ್ವಾಮೀ. ಇದು ಬರೀ ಮಾತಿನ ಗೊಂದಲ," ಎಂದು ಅಂಗಲಾಚಿದೆ.

ಆಚಾರ್ಯರು ಗಲ್ಲ ತುರಿಸಿಕೊಂಡರು. ಮನುಷ್ಯ ಕೆಟ್ಟವರಲ್ಲ. "ಹಿಂಗ ಮಾಡೋಣ. ಧರ್ಮಪತ್ನಿ ಬಾಜೂಕ ಕೂತಾಳ. ಆಕಿ ಮಾತಿಗೆ ಇಲ್ಲಿ ತೂಕ ಅದ. ಯವ್ವಾ ತಂಗಿ, ನೀ ಹೇಳು. ನಿನ್ನ ಯಜಮಾನ್ರು ಅಂದದ್ದು ಹಿಂದಿ ಕಾಫಿಯೋ, ನಮ್ಮ ಕಾಫಿಯೋ? ನೀ ಹಿಂದೀದು ಅಂದ್ರ ಈ ನೀರು ವಾಪಸ್ ಪಾತ್ರಿಗೆ ಹಾಕಿಸ್ತೀನಿ."

ನನಗೆ ಹೋದ ಜೀವ ಬಂದಂತಾಯಿತು. ಹದಿಮೂರು ವರ್ಷದ ದಾಂಪತ್ಯ! ಎಷ್ಟಾದರೂ ಕಟ್ಟಿಕೊಂಡವಳು. ಅವಳತ್ತ ತಿರುಗಿ, ಜೀವನದಲ್ಲಿ ಯಾರಿಗೂ ತೋರಿಸದಷ್ಟು ಪ್ರೀತಿಯನ್ನು ಕಣ್ಣಿನಲ್ಲಿ ತುಂಬಿ ನೋಡಿದೆ.

ವಿನೋದಾ ಸೆರಗು ಹೊದ್ದುಕೊಂಡು ತಲೆ ತಗ್ಗಿಸಿದಳು. ಅಷ್ಟು ವಿನಯ ಅವಳಲ್ಲಿ ಎಲ್ಲಿತ್ತೋ!

"ನನಗೇನು ಹಿಂದಿ ಗೊತ್ತು ಆಚಾರ್ರೇ?" ಎಂದಳು. "ಒಂದಕ್ಷರ ಬರಲ್ಲ ಅಂತ ಇವರೇ ಹೇಳ್ತಾರೆ. ನನಗೆ ಗೊತ್ತಿರೋದು ಒಂದೇ ಕಾಫಿ. ಲೋಟದಲ್ಲಿ ಇರತ್ತಲ್ಲ, ಅದು."

"ಏನೇ!" ಎಂದು ಅಬ್ಬರಿಸಿ ನಾನು ಅವಳ ಮುಖಕ್ಕೆ ಬೆರಳು ತೋರಿಸಿದೆ.

ಬಲಗೈಯ ಬೆರಳು ತೋರಿಸಿದೆ. ನೀರಿದ್ದದ್ದು ಬಲಗೈಯಲ್ಲಿ. ಅದು ಮೆಟ್ಟಿಲ ಮೇಲೆ ಬಿದ್ದು ಒಂದು ಸಣ್ಣ ಗೆರೆಯಾಗಿ ಹರಿದು ಹೊಳೆ ಸೇರಿತು. "ಆತು, ಸಂಕಲ್ಪ ಮುಗೀತು," ಎಂದರು ಆಚಾರ್ಯರು. ಹಿಂದಿನ ಮೆಟ್ಟಿಲ ಮೇಲಿನವರು ಗಂಗಾಮಾತೆಗೆ ಜಯವಾಗಲಿ ಎಂದು ಕೂಗಿದರು.

ಮೇಲಕ್ಕೆ ಹತ್ತಿ ಬರುವಷ್ಟರಲ್ಲಿ ವಿನೋದಾ ಚಿಕ್ಕಮ್ಮನಿಗೆ ಫೋನು ಮಾಡಿ ಮುಗಿಸಿದ್ದಳು. ಚಿಕ್ಕಮ್ಮನಿಗೆ ಗೊತ್ತಾದ ಮೇಲೆ ತುಮಕೂರಿಗೆ ಗೊತ್ತಾಗಲು ಎಷ್ಟು ಹೊತ್ತು? ಸಂಜೆಯೊಳಗೆ ನಮ್ಮ ಮ್ಯಾನೇಜರು ನನ್ನ ತ್ಯಾಗವನ್ನು ಕೊಂಡಾಡಿ ಸಂದೇಶ ಕಳಿಸಿದರು. ಆದರೂ ನಾನು ಪೂರ್ತಿ ಎದೆಗುಂದಿರಲಿಲ್ಲ. ಇವರೆಲ್ಲ ದೋಣಿಗೆ ಹೋದಾಗ ತಲೆನೋವೆಂದು ಕೋಣೆಯಲ್ಲೇ ಉಳಿದು, ಗಂಗೆಗೆ ಕಾಣದ ಮೂಲೆಯಲ್ಲಿ ಒಂದು ಲೋಟ ಬೆರೆಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಚೀಲ ಬಿಚ್ಚಿದೆ. ಫಿಲ್ಟರಿಲ್ಲ, ಪುಡಿಯ ಪೊಟ್ಟಣಗಳೂ ಇಲ್ಲ. ನನಗೆ ತಿಳಿಯದಂತೆ ಅವೆರಡನ್ನೂ ಆಚಾರ್ಯರ ಹೆಂಡತಿ ತುಂಗಾಬಾಯಿಗೆ ತಲುಪಿಸಿಯಾಗಿತ್ತು. "ಪಾಪ, ಅವರಿಗೆ ಈ ಊರಲ್ಲಿ ಒಳ್ಳೇ ಪುಡಿ ಸಿಗಲ್ವಂತೆ ರೀ. ನಿಮಗೆ ಹೇಗೂ ಬೇಡವಲ್ಲ," ಎಂದಳು, ದೋಣಿಯಿಂದ ಬಂದ ಮೇಲೆ. ಕೊನೆಗೆ ಮಾನ ಬಿಟ್ಟು ಅಸ್ಸಿಯ ಚಹದಂಗಡಿಗೂ ಹೋಗಿ ಒಂದು ಕುಡಿಕೆ ಬಾಯಿಗಿಟ್ಟು ನೋಡಿದೆ. ಎರಡನೆಯ ಗುಟುಕು ಗಂಟಲಿಂದ ಕೆಳಗೆ ಹೋಗಲಿಲ್ಲ. ಉಳಿದದ್ದನ್ನು ಚೆಲ್ಲಿ, ಕುಡಿಕೆಯನ್ನು ಒಡೆಯುವ ಕೆಲಸವನ್ನು ಗ್ರೀಷ್ಮಾಳಿಗೆ ವಹಿಸಿದೆ.

ಊರಿಗೆ ಬಂದು ಎರಡು ತಿಂಗಳಾಯಿತು. ಈಗ ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯಲ್ಲಿ ಮೂರು ಲೋಟ ಹಾಲು ಸಿದ್ಧವಾಗುತ್ತದೆ. ಅಮೃತಾಳ ಲೋಟದ ಮೇಲೆ ನವಿಲು, ಗ್ರೀಷ್ಮಾಳ ಲೋಟದ ಮೇಲೆ ಮೊಲ, ನನ್ನ ಲೋಟದ ಮೇಲೆ ಆನೆ. ಮೂವರೂ ಸಾಲಾಗಿ ಕೂತು ಕುಡಿಯುತ್ತೇವೆ. ಕೆನೆ ಕಂಡರೆ ಮೂವರೂ ಮುಖ ಸಿಂಡರಿಸುತ್ತೇವೆ. ವಿನೋದಾ ಎದುರಿಗೆ ಕುರ್ಚಿ ಹಾಕಿಕೊಂಡು, ಬಟ್ಟಲಿನಿಂದ ಲೋಟಕ್ಕೆ ಲೋಟದಿಂದ ಬಟ್ಟಲಿಗೆ ಮೊಳದುದ್ದ ಎತ್ತಿ ಎತ್ತಿ ಸುರಿದು ತನ್ನ ಕಾಫಿ ಕುಡಿಯುತ್ತಾಳೆ. ಆ ವಾಸನೆ ನಡುಮನೆಗೆ ನುಗ್ಗಿ ನನ್ನ ಹಿಂದಿ ಪ್ರಮಾಣಪತ್ರಗಳವರೆಗೂ ಹೋಗುತ್ತದೆ.

"ಇನ್ನೊಂದು ಸ್ವಲ್ಪ ಹಾಲು ಹಾಕ್ಲಾ, ಸಾಕಾ?" ಎಂದು ಕೇಳುತ್ತಾಳೆ.

ನಾನು ತಲೆ ಅಲ್ಲಾಡಿಸುತ್ತೇನೆ. ಬಾಯಿ ಮಾತ್ರ ತೆರೆಯುವುದಿಲ್ಲ.